ಪಕ್ಕದ ಕುರ್ಚಿಯ ಮುನಿರಾಜು

ಆಂಡರ್ಸನ್‌ಪೇಟೆಯಲ್ಲಿ ಅಶ್ವತ್ಥಪ್ಪನವರು ಮನೆಮನೆಗೆ ಇಂಟರ್ನೆಟ್ ಲೈನ್ ಎಳೆಯಲು ಶುರು ಮಾಡಿದಾಗಿನಿಂದ ಆ ಲೈನುಗಳನ್ನೆಲ್ಲ ನಡೆಸುವ ಸರ್ವರ್ ಯಂತ್ರ ಮುಟ್ಟುವ ಹಕ್ಕು ಮುನಿರಾಜು ಒಬ್ಬನಿಗೇ ಇತ್ತು. ಕಾಮಸಮುದ್ರದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವ ಮನುಷ್ಯ, ಸರ್ವರ್ ಇಟ್ಟ ಕೋಣೆಯೊಳಗೆ ಮಾತ್ರ ರಾಜ. ಸರ್ವರ್ ಅಪ್‌ಗ್ರೇಡ್ ಮಾಡುವ ದಿನವಂತೂ ಅವನ ಮಡಿ ಹೇಳತೀರದು. ಮೊದಲು ಹಳೆಯದೆಲ್ಲದರ ಕಾಪಿ. ಆಮೇಲೆ ಕರ್ನಲ್, ಅಂದರೆ ಯಂತ್ರವನ್ನು ಆಳುವ ತಿರುಳು. ರೀಬೂಟ್ ಮಾಡಿ, ಅಂದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿ, ಹೊಸ ಕರ್ನಲ್ ಎದ್ದು ನಿಂತಿತೆಂದು ಖಾತ್ರಿಯಾದ ಮೇಲಷ್ಟೇ ಅದರ ಮೇಲೆ ಓಡುವ ಉಳಿದ ಪ್ರೋಗ್ರಾಂಗಳು, ಕೊನೆಗೆ ಇನ್ನೊಂದು ರೀಬೂಟ್. ಹೊಸ ಯಜಮಾನ ಹಳೇ ಆಳುಗಳನ್ನು ಹೇಗೋ ಸಂಭಾಳಿಸಿಯಾನು. ಹೊಸ ಆಳುಗಳ ಮಾತು ಹಳೇ ಯಜಮಾನನಿಗೆ ತಿಳಿಯುವುದಿಲ್ಲ.

ಇದನ್ನೆಲ್ಲ ಅವನು ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿಂದ ಕೆಲಸಕ್ಕೆ ಬಂದ ಸೆಲ್ವಿಗೆ ಕಲಿಸತೊಡಗಿದ್ದ. ಕಲಿಸಿದ್ದೇ ತಪ್ಪಾಯಿತು. ಹುಡುಗಿ ಬಲು ಚುರುಕು. ಗಿರಾಕಿಗಳು ಫೋನ್ ಮಾಡಿ ಅವಳನ್ನೇ ಕೇಳತೊಡಗಿದರು. ಕೊನೆಗೆ ಅಶ್ವತ್ಥಪ್ಪನವರೇ, "ಈ ಸಲ ಅಪ್‌ಗ್ರೇಡ್ ಸೆಲ್ವಿ ಮಾಡ್ಲಿ ಕಣ್ಲಾ. ನೀನು ಪಕ್ಕದಾಗೆ ಕುಂತ್ಕೋ," ಅಂದುಬಿಟ್ಟರು.

ಪಕ್ಕದಲ್ಲಿ! ತಾನು ಸವೆಸಿದ ಕುರ್ಚಿಯಲ್ಲಿ ಅವಳು, ಗಿರಾಕಿಗಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾನು. ಮುನಿರಾಜುವಿನ ಹೊಟ್ಟೆ ಧಗಧಗ ಉರಿಯಿತು. ಇವಳು ಗೆದ್ದರೆ ಇನ್ನು ತನ್ನನ್ನು ಕೇಳುವವರು ಯಾರು?

ಸೆಲ್ವಿ ಕಾಪಿ ತೆಗೆದಳು, ಕರ್ನಲ್ ಹಾಕಿದಳು. ಒಂದೂ ತಪ್ಪಿಲ್ಲ, ಅದೇ ಅವನಿಗೆ ಸಂಕಟ. ಅಷ್ಟರಲ್ಲಿ ಅವಳು ಕೈ ತಡೆದು ಮೆಲ್ಲಗೆ ಕೇಳಿದಳು: "ಅಣ್ಣಾ, ಮ್ಯಾಚ್ ನಡೀತೈತೆ. ಎರಡು ಸಲ ಲೈನ್ ಕಟ್ ಆದ್ರೆ ಜನ ಬೈತಾರೆ. ಎಲ್ಲಾ ಆಕ್ಬಿಟ್ಟು ಒಂದೇ ಸಲ ರೀಬೂಟ್ ಮಾಡೋಣ್ವಾ?"

ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೀಳಲಿ, ಒಂದು ಸಲ ಬೀಳಲಿ, ಎಂದುಕೊಂಡ. ಟೀ ಲೋಟ ಬಾಯಿಗಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕುಳಿತ.

ಸೆಲ್ವಿ ರೀಬೂಟ್ ಮಾಡದೆಯೇ ಉಳಿದದ್ದನ್ನು ಹಾಕತೊಡಗಿದಳು. ಪ್ರೋಗ್ರಾಂಗಳು ಅರ್ಧ ಇಳಿಯುವಷ್ಟರಲ್ಲಿ ಪರದೆಯ ತುಂಬ ಎರರ್. ಏನು ಹೇಳಿದರೂ ಯಂತ್ರ ಒಲ್ಲೆ ಅಂದಿತು. ಪೇಟೆಯ ಲೈನೆಲ್ಲ ಸತ್ತಿತು, ಆಫೀಸಿನ ಫೋನುಗಳು ಬಡಿದುಕೊಂಡವು. "ಅಯ್ಯೋ ಕಡವುಳೇ," ಎಂದು ತಮಿಳಿನಲ್ಲಿ ದೇವರನ್ನು ಕರೆಯುತ್ತ ಸೆಲ್ವಿ ಎದ್ದು ನಿಂತಳು. ಮುನಿರಾಜು ತನ್ನ ಕುರ್ಚಿಗೆ ಹೋಗಿ ಕುಳಿತ. ಪೆನ್‌ಡ್ರೈವ್ ಹಾಕಿ ಯಂತ್ರ ಎಬ್ಬಿಸಿದ, ಕಾಪಿಯಿಂದ ಹಳೆಯದನ್ನು ಮರಳಿಸಿದ. ಮತ್ತೆ ಕರ್ನಲ್, ರೀಬೂಟ್, ಆಮೇಲೆ ಉಳಿದದ್ದು, ಎಲ್ಲ ಕ್ರಮವಾಗಿ ಮುಗಿಸಿದ. ಲೈನ್ ಬಂತು.

"ಯಾರು ಏನೇ ಅನ್ಲಿ, ನಮ್ ಮುನಿರಾಜು ಮುನಿರಾಜೇ," ಎಂದು ಒಳಗೆ ಬಂದ ಅಶ್ವತ್ಥಪ್ಪ ಬೆನ್ನು ತಟ್ಟಿದರು. ಅವನು ಬಯಸಿದ್ದೂ ಅದನ್ನೇ. ಎದೆ ಉಬ್ಬಿತು.

ಆಮೇಲೆ ಅವರು ಸೆಲ್ವಿಯತ್ತ ತಿರುಗಿದರು. "ಪಕ್ಕದಾಗೇ ಇದ್ನಲ್ಲಮ್ಮಾ, ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳ್ದೆ ಸಾರ್," ಅಂದಳು ಸೆಲ್ವಿ.

ಮುನಿರಾಜುವಿನ ಕೈ ಕೀಬೋರ್ಡಿನ ಮೇಲೇ ನಿಂತಿತು.

ಅವಳು ಕಣ್ಣೊರೆಸಿಕೊಂಡಳು. "ಮೆಲ್ಲಗೆ ಕೇಳಿದ್ದು ನಂದೇ ತಪ್ಪು. ಅಣ್ಣಂಗೆ ಕೇಳಿಸ್ಲಿಲ್ಲ. ಕೇಳಿಸಿದ್ರೆ ಸುಮ್ನೆ ಬಿಡ್ತಿದ್ರಾ?"