ಮೊದಲು ಮಾತು, ಆಮೇಲೆ ಮುಖ

ಭೋರ್ ಹತ್ತಿರದ ಬೆಟ್ಟದಲ್ಲಿ ಸುರಂಗ ಕೊರೆಯುವವರ ಕ್ಯಾಂಪಿಗೆ ಮೊಬೈಲ್ ಸಿಗ್ನಲ್ ಸಿಗೋದಿಲ್ಲ. ಎಲ್ಲರಿಗೂ ಸೇರಿ ಇರೋದು ಒಂದೇ ಸ್ಯಾಟಲೈಟ್ ಲಿಂಕ್. ಅದರ ಬ್ಯಾಂಡ್‌ವಿಡ್ತ್ ಹಂಚೋಕೆ ಪುಣೆಯ ಖರಾಡಿ ಆಫೀಸಿನಿಂದ ಹೋದ ಮಹಾಶಯ ನಾನು. ಮೆಸೇಜು, ಮಾತಿನ ಕರೆಗಳು ಮೊದಲು, ವಿಡಿಯೊ ಕೊನೆಗೆ ಅಂತ ನಿಯಮ ಹಾಕಿದೆ. ಹಾಕಿದ ಖುಷಿಯಲ್ಲಿ, ಸಂಜೆ ಎಲ್ಲರೂ ಊರಿಗೆ ಫೋನ್ ಹಚ್ಚುವ ಹೊತ್ತಲ್ಲೇ ಮ್ಯಾನೇಜರಿಗೆ ಅದರ ಡೆಮೊ ತೋರಿಸೋಣ ಅಂತ ವಿಡಿಯೊ ಕಾಲ್ ಮಾಡಿದೆ. ಅವರು ಒಪ್ಪಿದರೆ ಉಳಿದ ಕ್ಯಾಂಪುಗಳ ಕೆಲಸವೂ ನನಗೇ.

ಅರ್ಧ ವಾಕ್ಯಕ್ಕೆ ಪರದೆಯಲ್ಲಿ ಅವರ ಮುಖ ಅಲುಗಾಡದೆ ನಿಂತಿತು. ಇದು ನನ್ನದೇ ನಿಯಮದ ಕೆಲಸ ಅಂತ ಹೊಳೆಯಬೇಕಲ್ಲ, ಇಲ್ಲ. "ಹಲೋ ಸರ್, ಹಲೋ" ಅಂತ ಬೆಟ್ಟ ಕೇಳುವಂತೆ ಕೂಗಿದೆ.

ಪಕ್ಕದಲ್ಲಿ ಕ್ಯಾಂಪಿನ ಅಡುಗೆಯ ಶರಣಮ್ಮ ಯಾದಗಿರಿಯ ತಂಗಿ ಜೊತೆ ಫೋನಲ್ಲಿದ್ದರು. "ಸರ, ಸಾವಕಾಶ ಮಾತಾಡ್ರಿ. ಲೈನ್ ಭಾಳ ಚಂದ ಅದ, ನಿಮ್ಮ ಗದ್ದಲದಾಗ ತಂಗಿ ಮಾತು ಕೇಳವಲ್ದು."

ಅಷ್ಟರಲ್ಲಿ ಮ್ಯಾನೇಜರ್ ಮೆಸೇಜ್ ಬಂತು, ತಡವಿಲ್ಲದೆ. "ಇಲ್ಲಿ ಪರದೆಯಲ್ಲಿ ನೀನು ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದೀಯ. ಡೆಮೊ ಯಾವಾಗ?"

ಶರಣಮ್ಮ ತಂಗಿ ಮಾತಿಗೆ ಜೋರಾಗಿ ನಗುತ್ತಿದ್ದರು.

"ಅದೇ ಡೆಮೊ ಸರ್" ಅಂತ ಬರೆದೆ.