ತಾಮ್ರದ ಬಲ್ಬಿಗೆ ಸುತ್ತಿದ ಹಸಿ ಬಟ್ಟೆ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ನೀರಿನ ಹರವಿಗೆ ಸುತ್ತಿದ ಹಸಿ ಬಟ್ಟೆಯ ವಾಸನೆ ಬಂದರೆ ಇಂದಿಗೂ ನನಗೆ ಆ ಗಳಿಗೆಯೇ ಎದುರು ನಿಲ್ಲುತ್ತದೆ.

ಎಂಬತ್ತರ ದಶಕದ ಒಂದು ಬೇಸಿಗೆ. ಬಿ.ಎಸ್ಸಿ. ಮುಗಿಸಿ ಇಳಕಲ್ಲಿನ ಗ್ರಾನೈಟ್ ಸಾವಕಾರರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಲ್ಲು ಕೊಳ್ಳಲು ವಿದೇಶದವರು ಬರುವವರಿದ್ದರು. ಅವರನ್ನು ಕರೆತರಬೇಕಾದ ಕಾರಿನ ಏಸಿ ನಮ್ಮ ಬಿಸಿಲಿಗೆ ಸಾಲುತ್ತಿರಲಿಲ್ಲ. ಅಂದು ಬೆಳಿಗ್ಗೆ, ಫಿಜಿಕ್ಸ್ ಓದಿದ ಧೈರ್ಯದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಿನ ತಂಪು ಪೈಪಿಗೆ ಅಂಟಿಕೊಂಡಿದ್ದ ಕಿರುಬೆರಳಿನಷ್ಟು ತಾಮ್ರದ ಕೊಳವೆಗೆ, ಮಿಸ್ತ್ರಿಗಳು ಬಲ್ಬು ಎನ್ನುವುದಕ್ಕೆ, ಹಸಿ ಬಟ್ಟೆ ಸುತ್ತಿದೆ. ನಮ್ಮಲ್ಲಿ ಹರವಿಗೂ ಅದೇ, ಜ್ವರದ ಹಣೆಗೂ ಅದೇ. ಗಾಳಿ ಇನ್ನಷ್ಟು ಬೆಚ್ಚಗಾಯಿತು. ಯಾರಿಗೂ ಹೇಳಲಿಲ್ಲ...

ಹುನಗುಂದದ ರಸ್ತೆ ಬದಿಯ ಗ್ಯಾರೇಜಿಗೆ ಸಾವಕಾರರ ಜೊತೆ ಹೋದೆ. ಅಲ್ಲಿನ ಮಿಸ್ತ್ರಿ ಹಿಂದೆ ಸೊಲ್ಲಾಪುರದ ಐಸ್ ಫ್ಯಾಕ್ಟರಿಯಲ್ಲಿದ್ದವರು. ಸುತ್ತಮುತ್ತ ಕಾರಿನ ಏಸಿ ಮುಟ್ಟುವ ಧೈರ್ಯ ಅವರೊಬ್ಬರಿಗೇ ಇತ್ತು. ಎಂಜಿನ್ ಓಡಲು ಬಿಟ್ಟು, ಗೇಜು, ಸಿಲಿಂಡರು ಜೋಡಿಸಿ, ಪೈಪಿನ ನಡುವಿನ ಸಣ್ಣ ಗಾಜಿನೊಳಗೆ ಇಣುಕಿದರು.

“ಗುಳ್ಳಿ ಇಲ್ರಿ ಸಾವಕಾರ್ರ. ಗ್ಯಾಸ್ ಪೂರಾ ಐತಿ. ಅದನ್ನ ಒಳಗ ಬಿಡೂ ವಾಲ್ವ್ ಮುಚಗೊಂಡೈತಿ. ಯಾಕ ಅಂತ ನೋಡ್ತೇನಿ, ಒಂದ್ ತಾಸ್ ಕೊಡ್ರಿ.”

“ಟೈಮ್ ಇಲ್ಲೋ. ಗ್ಯಾಸ್ ತುಂಬು.”

“ತುಂಬಂಗಿಲ್ರಿ.”

“ಐಸ್ ಮಾರಾಂವ ನನಗ ಹೇಳ್ತಾನ,” ಎಂದು ನಕ್ಕು ಸಾವಕಾರರೇ ಸಿಲಿಂಡರಿನ ಚಾವಿ ತಿರುಗಿಸಿದರು. ಒಂದು ಗಂಟೆ ಹತ್ತು ನಿಮಿಷ. ಒತ್ತಡ ತೋರಿಸುವ ಗೇಜಿನ ಮುಳ್ಳು ಏರತೊಡಗಿತು. ನಾನು ಎಂಜಿನ್ನಿನ ಮೇಲೆ ಬಗ್ಗಿ ಅದನ್ನೇ ನೋಡುತ್ತಿದ್ದೆ. ಬಟ್ಟೆಯ ಮಾತು ನಾಲಿಗೆಯ ತನಕ ಬಂತು, ಹೊರಗೆ ಬೀಳಲಿಲ್ಲ. ಮಿಸ್ತ್ರಿ ಎಡಗೈಯಿಂದ ನನ್ನ ಎದೆಗೆ ಗುದ್ದಿ ದೂರ ತಳ್ಳಿ, ಬಲಗೈ ಚಾಚಿ ಚಾವಿ ಮುಚ್ಚಲು ಹೋದರು. ರಬ್ಬರ್ ಪೈಪು ಸೀಳಿತು. ಬಿಳಿ ಹೊಗೆ... ಅದು ಇಳಿದಾಗ ಅವರ ಬಲಗೈ ಹಿಟ್ಟು ಮೆತ್ತಿದಂತೆ ಬೆಳ್ಳಗಿತ್ತು.

ಬಾಗಲಕೋಟೆಯ ದವಾಖಾನೆಯಲ್ಲಿ, ಗ್ಯಾಸಿನ ತಂಪಿಗೆ ಹೆಪ್ಪುಗಟ್ಟಿ ಸತ್ತಿದ್ದ ಎರಡು ಬೆರಳು ತೆಗೆದರು.

ದವಾಖಾನೆಯಿಂದ ಮರಳಿದ ಮಿಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ, ಇನ್ನೂ ಗ್ಯಾರೇಜಿನಲ್ಲೇ ನಿಂತಿದ್ದ ಆ ಕಾರಿನೊಳಗೆ ಕೂತು ಬಲ್ಬು ಹುಡುಕಿದ್ದು. ಒಣಗಿ ಅಂಟಿಕೊಂಡಿದ್ದ ಬಟ್ಟೆಯನ್ನು ಎಡಗೈಯಿಂದ ಎಳೆದು, ಅವರನ್ನು ನೋಡಲು ಬಂದಿದ್ದ ನನ್ನತ್ತ ಹಿಡಿದರು.

“ಇದ್ಯಾರ ಕೆಲಸ?”

“ನಂದರಿ.”

ಬಹಳ ಹೊತ್ತು ನಕ್ಕರು. “ಕಲತಾಂವ ನೋಡು ನೀ. ಈ ಬಲ್ಬು ವಾಲ್ವಿಗೆ ಸುದ್ದಿ ಒಯ್ಯೂ ಜವಾನ. ಇದರ ಹಣಿಗೆ ತಣ್ಣೀರ ಪಟ್ಟಿ ಹಾಕೀದಿ. ಇದು ಹೋಗಿ, ಒಳಗ ಭಾಳ ತಂಪ ಆಗೇತಿ, ಬಂದ್ ಮಾಡು ಅಂತ ಹೇಳೇತಿ.”

ಅಷ್ಟರಲ್ಲಿ ಸಾವಕಾರರು, ಮಿಸ್ತ್ರಿ ವಿಪರೀತ ಗ್ಯಾಸ್ ತುಂಬಿ ಕಾರು ಕೆಡಿಸಿದ ಎಂದು ಊರೆಲ್ಲ ಹೇಳಿದ್ದರು. ಗ್ಯಾರೇಜಿಗೆ ಒಂದು ಗಾಡಿಯೂ ಬರುತ್ತಿರಲಿಲ್ಲ. ಕಚೇರಿಯಲ್ಲಿ ಸಾವಕಾರರು ನನ್ನ ಮುಂದೆ ಬಿಳಿ ಹಾಳೆ ಇಟ್ಟರು. “ಓದಿದಾಂವ ನೀ, ನಿನ್ನ ಮಾತ ನಂಬ್ತಾರ. ತಪ್ಪು ಮಿಸ್ತ್ರಿದು ಅಂತ ಬರಿ.”

ಕಣ್ಣು ಮುಚ್ಚಿದರೆ ಗೇಜಿನ ಮುಳ್ಳು ಏರುತ್ತಿತ್ತು. ಎಷ್ಟೋ ರಾತ್ರಿ ನಿದ್ದೆ ಇರಲಿಲ್ಲ. ಬರೆದೆ: ಬಟ್ಟೆ ಸುತ್ತಿದವನು ನಾನು, ಚಾವಿ ತಿರುಗಿಸಿದವರು ಸಾವಕಾರರು, ಬೇಡ ಎಂದವರು ಮಿಸ್ತ್ರಿ ಒಬ್ಬರೇ.

ಓದಿ, “ನಾಳಿಂದ ಬರಬ್ಯಾಡ,” ಎಂದರು.

“ಇವತ್ತಿಂದನ ಬರೂದಿಲ್ರಿ,” ಎಂದೆ. ಹಾಳೆಯನ್ನು ಅವರ ಕೈಯಿಂದಲೇ ತೆಗೆದುಕೊಂಡು ಹುನಗುಂದದ ಬಸ್ಸು ಹತ್ತಿದೆ.

ಮಿಸ್ತ್ರಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿದೆ. “ಬಟ್ಟಿ ಮಾತ ಹೊಡದ ಹಾಕು,” ಎಂದರು. “ನಾಳೆ ನಿನಗ್ಯಾರ ನೌಕರಿ ಕೊಡ್ತಾರ?” ನಾನು ಹೊಡೆದು ಹಾಕಲಿಲ್ಲ. ಮಿಸ್ತ್ರಿ ಉಳಿದ ಮೂರು ಬೆರಳಲ್ಲೇ ಸುತ್ತಿಗೆ ಹಿಡಿದು, ಗೇಜು ತೂಗುಹಾಕಿದ್ದ ಗೋಡೆಗೆ ಆ ಹಾಳೆಯನ್ನಿಟ್ಟು ಮೊಳೆ ಹೊಡೆದರು. ಚಹಾ ಕುಡಿಯಲು ಬಂದ ಡ್ರೈವರುಗಳು ಓದಿದರು. ಒಂದು ಗಾಡಿ ಬಂತು, ಆಮೇಲೆ ಇನ್ನೊಂದು...

ಮಿಸ್ತ್ರಿ ಈಗಿಲ್ಲ. ಗ್ಯಾರೇಜೂ ಇಲ್ಲ, ಆ ಗೋಡೆಯೂ ಇಲ್ಲ. ಹಾಳೆ ಎಲ್ಲಿ ಹೋಯಿತೋ. ಅದಕ್ಕೇ ಅದರಲ್ಲಿದ್ದದ್ದನ್ನು ಇಲ್ಲಿ ಮತ್ತೆ ಬರೆದಿದ್ದೇನೆ, ಒಂದು ಮಾತೂ ಬಿಡದೆ.

ಅವರು ಮೊಳೆ ಹೊಡೆದ ದಿನ ಗುರುವಾರ. ಆ ರಾತ್ರಿ ಮುಳ್ಳು ಏರಲಿಲ್ಲ. ನೌಕರಿ ಇಲ್ಲದ ನಾನು ಮುಖದ ಮೇಲೆ ಬಿಸಿಲು ಬೀಳುವ ತನಕ ಮಲಗಿದ್ದೆ.