ಚಾಪೆಲಿನ ಹೊಸ್ತಿಲಿಗೆ ಬಿದ್ದ ಭಂಡಾರ

ನವನಗರದ ನಮ್ಮ ನರ್ಸಿಂಗ್ ಕಾಲೇಜಿನ ಚಾಪೆಲಿನಲ್ಲಿ ಹಾಡುವವರ ಗುಂಪಿಗೆ ನಾನು ಮುಂದಾಳಾಗಿದ್ದೆ. ದೊಡ್ಡ ಪದವಿ ಏನಲ್ಲ. ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಬಾಗಿಲು ಬಡಿದು ಹುಡುಗಿಯರನ್ನು ಎಬ್ಬಿಸಬೇಕು, ಅವರಿಂದ ಬೈಸಿಕೊಳ್ಳಬೇಕು, ಆಮೇಲೆ ಅದೇ ಬಾಯಿಗಳಿಂದ ದೇವರ ಹಾಡು ಹೊರಡಿಸಬೇಕು. ಭಾನುವಾರವೇ ಕರೆಂಟು ಹೋಗಲೆಂದು ಯಾರು ಹರಕೆ ಹೊತ್ತಿದ್ದರೋ, ಕೀಬೋರ್ಡು ಅರ್ಧ ಹಾಡಿಗೇ ಬಾಯಿ ಮುಚ್ಚುತ್ತಿತ್ತು. ತಾಳ ತಪ್ಪಿ ನಾವು ದಿಕ್ಕಿಗೊಬ್ಬರಂತೆ ಓಡುತ್ತಿದ್ದೆವು.

ಅದಕ್ಕೇ ನನ್ನ ರೂಮಿನ ಗೆಳತಿ ಊರಿನಿಂದ ಡೊಳ್ಳು ತಂದಳು. ಅವಳ ಊರು ಮಹಾಕೂಟದ ಆಚೆ, ಮನೆದೇವರು ಬೀರಪ್ಪ, ಡೊಳ್ಳು ಕಲಿಸಿದವನು ಅಜ್ಜ. ಹಾಡು ಕೇಳಲು ಬಂದು ಕೊನೆಯ ಬೆಂಚಿನಲ್ಲಿ ತೊಡೆ ಬಡಿಯುತ್ತ ಕೂರುತ್ತಿದ್ದವಳನ್ನು ನಾನೇ ಎಳೆದು ಮುಂದೆ ತಂದಿದ್ದೆ. ಆ ವರ್ಷದ ಕ್ರಿಸ್‌ಮಸ್ ಹಾಡುಗಳನ್ನೆಲ್ಲ ಟೆರೇಸಿನ ಮೇಲೆ ಅವಳ ಡೊಳ್ಳಿನ ಪೆಟ್ಟಿಗೇ ಕಲಿತೆವು. ನಮ್ಮ ಹಾಡಿಗೆ ಮೊದಲ ಸಲ ಜೀವ ಬಂದಿತ್ತು.

ಕ್ರಿಸ್‌ಮಸ್ ಬೆಳಿಗ್ಗೆ ಚಾಪೆಲ್ ತುಂಬಿತ್ತು. ಅವಳು ಡೊಳ್ಳನ್ನು ಮೆಟ್ಟಿಲ ಮೇಲೆ ಇಳಿಸಿ, ಸಣ್ಣ ಚೀಲದಿಂದ ಭಂಡಾರ ತೆಗೆದಳು. ಬೀರಪ್ಪನ ಗುಡಿಯ ಅರಿಶಿನ ಪುಡಿ. ಡೊಳ್ಳಿಗೆ ಹಚ್ಚಿದಳು, ನೆಲ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡಳು. ರೂಢಿಬಿದ್ದ ಕೈ, ಹೊಸ್ತಿಲಿಗೂ ಒಂದು ಚಿಟಿಕೆ ಹಾಕಿಬಿಟ್ಟಿತು. ಆ ವರ್ಷವಷ್ಟೇ ಕರಾವಳಿ ಕಡೆಯಿಂದ ಬಂದಿದ್ದ ಪಾಸ್ಟರ್ ಬಾಗಿಲಲ್ಲೇ ನಿಂತಿದ್ದರು.

“ಇದು ಬೀರಪ್ಪನ ಗುಡಿ ಅಲ್ಲಮ್ಮ. ಒರೆಸಿ ಒಳಗೆ ತಾ.”

“ಭಂಡಾರ ಹಚ್ಚಲಾರದ ನಾವು ಡೊಳ್ಳು ಹೆಗಲಿಗಿ ಹಾಕೂದಿಲ್ರಿ,” ಎಂದಳು. ಜಗಳದ ದನಿಯಲ್ಲ, ಕೈ ತೊಳೆಯದೆ ಉಣ್ಣುವುದಿಲ್ಲ ಎನ್ನುವ ಹಾಗೆ.

“ಹಾಗಾದರೆ ಡೊಳ್ಳು ಬೇಡ,” ಎಂದ ಪಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. “ಹೊರಗಿನವರು ನೋಡಿದರೆ ಹಿಂದೂ ಹುಡುಗಿಯ ಮತಾಂತರ ಅಂತಾರೆ. ಒಳಗಿನವರು ಚಾಪೆಲನ್ನೇ ಗುಡಿ ಮಾಡಿದಿರಿ ಅಂತಾರೆ. ನಾನು ಯಾರಿಗೆ ಉತ್ತರ ಕೊಡಲಿ?”

ಅವರ ಹೆದರಿಕೆ ಸುಳ್ಳಲ್ಲ, ಅದು ನನಗೂ ಗೊತ್ತಿತ್ತು. ಆದರೆ ಅದನ್ನು ಅವಳ ತಲೆಗೇಕೆ ಕಟ್ಟಬೇಕು? ನನಗೆ ಮೈಯೆಲ್ಲ ಉರಿಯಿತು.

“ನೀ ಒಳಗ ಹೋಗವಾ, ನಾ ರೂಮಿಗಿ ಹೋಗ್ತೇನಿ,” ಎಂದು ಅವಳು ಡೊಳ್ಳಿಗೆ ಕೈ ಹಾಕಿದಳು. ಕಣ್ಣು ತುಂಬಿದ್ದವು.

ನಾನು ಡೊಳ್ಳಿನ ಇನ್ನೊಂದು ಬದಿ ಹಿಡಿದು, “ನೀ ಎಲ್ಲೂ ಹೋಗಂಗಿಲ್ಲ,” ಎಂದೆ. ಪಾಸ್ಟರ್ ಕಡೆ ತಿರುಗಿದೆ. “ಅಕಿ ಹೊರಗಿದ್ರ ನಾವೂ ಹೊರಗ ಹಾಡ್ತೇವ್ರಿ. ದನದ ಕೊಟ್ಟಿಗ್ಯಾಗ ಹುಟ್ಟಿದಾವ್ರಿ ಯೇಸು. ಅಂಗಳದಾಗ ಹಾಡಿದ್ರೂ ಅವಗ ಕೇಳಸ್ತೈತಿ.”

ಬಿಳಿ ಓಢಣಿ ಹೊದ್ದ ಹುಡುಗಿಯರು ಪಾಸ್ಟರ್ ಮುಖ ನೋಡಿದರು, ನನ್ನ ಮುಖ ನೋಡಿದರು. ಒಂದಿಬ್ಬರು ಒಳಗೆ ಹೋಗಿ ಕೂತರು. ಮಿಕ್ಕವರು ನಮ್ಮ ಹಿಂದೆ ಬೇವಿನ ಮರದ ಕೆಳಗೆ ಬಂದರು.

ಅವಳು ಡೊಳ್ಳು ಹೆಗಲಿಗೆ ಹಾಕಿ ಬಾರಿಸತೊಡಗಿದಳು. ನಾವಂತೂ ಗಂಟಲು ಹರಿಯುವಂತೆ ಹಾಡಿದೆವು. ಒಳಗಿದ್ದ ಮುದುಕಿಯರು ಎದ್ದು ಕಿಟಕಿ ತೆರೆದರು. ಪಾಸ್ಟರ್ ಹೊರಗೆ ಬರಲಿಲ್ಲ, ಆದರೆ ನಮ್ಮ ಹಾಡು ಮುಗಿಯುವವರೆಗೆ ಪ್ರಾರ್ಥನೆಯನ್ನೂ ಶುರು ಮಾಡಲಿಲ್ಲ. ಅಷ್ಟನ್ನು ನಾನು ಒಪ್ಪಬೇಕು.

ಮರುದಿನವೇ ನನ್ನ ಮುಂದಾಳುತನ ಹೋಯಿತು. ಕ್ಷಮೆ ಕೇಳಿದರೆ ವಾಪಸ್ ಕೊಡುತ್ತೇವೆ ಎಂದರು ಚಾಪೆಲಿನವರು. ಕೇಳಲಿಲ್ಲ. ಇವತ್ತಿಗೂ ಕೇಳುವುದಿಲ್ಲ.

ಡೊಳ್ಳು ಹಿಡಿದಾಗ ನನ್ನ ಓಢಣಿಗೆ ಭಂಡಾರ ಮೆತ್ತಿಕೊಂಡಿತ್ತು. ರಜೆಗೆ ಇಳಕಲ್ಲಿನ ಮನೆಗೆ ಹೋದಾಗ ಅವ್ವ ಅದನ್ನು ಸಬಕಾರದ ನೀರಿಗೆ ಹಾಕಲು ಹೊರಟಳು.

“ಬ್ಯಾಡ, ಇರ್ಲಿ ಬಿಡವಾ.”

“ಚಾಪೆಲಿನ್ಯಾಗ ಮಂದಿ ಇದೇನಂತ ಕೇಳ್ತಾರಲ್ಲ?”

“ಕೇಳ್ಲಿ.”

ಕಾಲೇಜು ತೆರೆದ ಮೊದಲ ಭಾನುವಾರ ಅದನ್ನೇ ಹೊದ್ದೆ, ಹಳದಿ ಕಲೆ ಎದೆಯ ಮೇಲೆ ಬರುವ ಹಾಗೆ. ಕೊನೆಯ ಬೆಂಚಿಗೆ ಹೊರಟಿದ್ದ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಪಾಸ್ಟರ್ ಎದುರಿನ ಮೊದಲ ಬೆಂಚಿನಲ್ಲೇ ಕೂರಿಸಿಕೊಂಡೆ.